ಹಳೇಬೀಡು ಹೊಯ್ಸಳರ ರಾಜಧಾನಿ ಆಗಿತ್ತಲ್ವಾ, ಹಾಳಾಗಿದ್ದು ಯಾಕೆ?

ಒಂದೇ ದಾಳಿಗೆ ಹಾಳಾಯಿತು ಅಂತ ಸುಮ್ನೆ ಹೇಳುತ್ತಾರೆ, ಅಷ್ಟು ಸರಳ ಅಲ್ಲ. ಹೊಯ್ಸಳರು ಮೂಡಿಗೆರೆ ಕಡೆಯ ಅಂಗಡಿ ಎಂಬ ಊರಿನವರು. ಅಲ್ಲಿಂದ ಬೇಲೂರು, ಆಮೇಲೆ ದೋರಸಮುದ್ರ, ಅಂದರೆ ಇವತ್ತಿನ ಹಳೇಬೀಡು. ಅಲ್ಲಿನ ಹೊಯ್ಸಳೇಶ್ವರ ದೇವಸ್ಥಾನದ ಪಕ್ಕದ ದೊಡ್ಡ ಕೆರೆ ಈಗಲೂ ಇದೆ. ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ, ಆ ದೇವಸ್ಥಾನದ ಕೆಲಸ ಶುರುವಾಯಿತು. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ತಲೆ ಎತ್ತಿ ನೋಡಿದರೆ ಗೋಪುರವೇ ಇಲ್ಲ!

1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರ್ ದಂಡೆತ್ತಿ ಬಂದಾಗ ಹೊಯ್ಸಳ ರಾಜ ಮೂರನೇ ಬಲ್ಲಾಳ, ಮಧುರೆಯ ಪಾಂಡ್ಯ ರಾಜರ ಮನೆಜಗಳದಲ್ಲಿ ಲಾಭ ಹುಡುಕಿ ತಮಿಳುನಾಡಿನ ಕಡೆ ಹೋಗಿದ್ದ. ವಾಪಸ್ ಓಡಿಬಂದು ಸಂಪತ್ತು ಕೊಟ್ಟು ರಾಜಿಯಾದ. ಮುಂದೆ ದೆಹಲಿಯ ತುಘಲಕ್ ಸುಲ್ತಾನರ ಸೈನ್ಯವೂ ನುಗ್ಗಿತು. ಬಲ್ಲಾಳ ತಿರುವಣ್ಣಾಮಲೈಯಲ್ಲಿ ಬೀಡುಬಿಟ್ಟ. ಮಧುರೆಯ ಸುಲ್ತಾನರ ಜೊತೆಗಿನ ಯುದ್ಧದಲ್ಲಿ ಸಿಕ್ಕಿಬಿದ್ದು ಸತ್ತ. ಅರಸರೇ ಅಲ್ಲಿ ಇಲ್ಲದ ಮೇಲೆ ದೋರಸಮುದ್ರ ಬರೀ ‘ಹಳೆಯ ಬೀಡು’ ಆಯಿತು.