ಮನೆಯ ಬೆಲೆ ಮತ್ತು 60 ದಿನಗಳ ಭಯ

ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಿಂದ ಉತ್ತರಕ್ಕೆ ಹೋದರೆ ಲೇನಿಯರ್ ಸರೋವರದ ಪಶ್ಚಿಮ ದಡದಲ್ಲಿ ಫೋರ್ಸೈತ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಸಿಗುತ್ತದೆ. 2000ದಲ್ಲಿ ಅಲ್ಲಿ ಒಂದು ಲಕ್ಷ ಜನರೂ ಇರಲಿಲ್ಲ. 2020ರ ಗಣತಿ ಹೊತ್ತಿಗೆ ಎರಡೂವರೆ ಲಕ್ಷ ದಾಟಿತ್ತು. ಹೊಸದಾಗಿ ಬಂದವರಲ್ಲಿ ನಮ್ಮವರೂ ಜಾಸ್ತಿ. ಶಾಲೆ ಚೆನ್ನಾಗಿದೆ ಅಂತ ಬರುತ್ತಾರೆ, ಸಾಲ ಮಾಡಿ ಮನೆ ತಗೊಳ್ಳುತ್ತಾರೆ. ಸಲಹೆಗೆ ಅಂತ ನನ್ನ ಹತ್ತಿರ ಬಂದ ಈ ದಂಪತಿಯೂ ಹಾಗೇ ಅಲ್ಲಿ ನೆಲೆಸಿದವರು. ಹಾಸನದ ಕಡೆಯವರು, ಇಬ್ಬರು ಮಕ್ಕಳು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಭೇಟಿಯಲ್ಲಿ ಮಾತಾಡಿದ್ದೆಲ್ಲ ಹೆಂಡತಿಯೇ. "ಮೇಡಂ, ಇವರು ಬೆಳಿಗ್ಗೆ ಎದ್ದ ತಕ್ಷಣ ಮೊಬೈಲಲ್ಲಿ ನಮ್ಮ ಮನೆ ರೇಟು ನೋಡ್ತಾರೆ. ಎರಡು ಸಾವಿರ ಡಾಲರ್ ಇಳಿದಿದ್ರೆ ಆವತ್ತು ಮಕ್ಕಳ ಮೇಲೂ ಸಿಡುಕು." ಗಂಡ ತಲೆ ತಗ್ಗಿಸಿ ಕೂತಿದ್ದರು. ಇಲ್ಲ ಅನ್ನಲಿಲ್ಲ.

ಆಕೆಗೆ ನೋವಾಗಿದ್ದು ಎರಡು ವಿಷಯಕ್ಕೆ. ಮೊದಲನೆಯದು ಅತ್ತೆಯದು. ಬೇಸಿಗೆಗೆ ಅಂತ ಅತ್ತೆ ಊರಿಂದ ಬಂದಿದ್ದರು. ಜುಲೈ ಬಿಸಿಲು ಚೆನ್ನಾಗಿದೆ ಅಂತ ಅಕ್ಕಿ ಸಂಡಿಗೆ ಹಿಟ್ಟು ಕಾಯಿಸಿ, ಮನೆ ಮುಂದಿನ ಡ್ರೈವ್‌ವೇಯಲ್ಲಿ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟರು. ಮಗ ಆಫೀಸಿನಿಂದ ಬಂದವರು ಅದನ್ನು ನೋಡಿ, ಪಂಚೆಯ ನಾಲ್ಕೂ ಮೂಲೆ ಹಿಡಿದು ಎತ್ತಿ ಗ್ಯಾರೇಜಿನೊಳಗೆ ಇಟ್ಟುಬಿಟ್ಟರು. ಮೇಲ್ಭಾಗ ಒಣಗಿತ್ತು, ಅಡಿ ಇನ್ನೂ ಹಸಿ. ಎಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಯಿತು. "ಎಚ್‌ಒಎಯಿಂದ ನೋಟಿಸ್ ಬಂದ್ರೆ ಏನಮ್ಮಾ? ನಮ್ಮ ಮನೆ ಮರ್ಯಾದೆ, ಬೆಲೆ ಎಲ್ಲ ಹೋಗುತ್ತೆ" ಅಂದರಂತೆ. ಎಚ್‌ಒಎ ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ. ಅದರಿಂದ ನೋಟಿಸ್ ಬಂದಿರಲೇ ಇಲ್ಲ. ಅತ್ತೆ ಎದುರು ಮಾತಾಡಲಿಲ್ಲ. ಮಾರನೇ ದಿನ ಟಿಕೆಟ್ ಮುಂಚೆ ಮಾಡಿಸಿಕೊಡು ಅಂದರು, ಹೊರಟೇಬಿಟ್ಟರು.

ಎರಡನೆಯದು ಇನ್ನೂ ದೊಡ್ಡದು. ಇವರ ಬಡಾವಣೆ ಪಕ್ಕದ ಖಾಲಿ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ಬಿಲ್ಡರ್ ಒಬ್ಬರು ಅರ್ಜಿ ಹಾಕಿದ್ದರು. ಇಂಥ ಅರ್ಜಿಗಳು ಮೊದಲು ಕೌಂಟಿಯ ಯೋಜನಾ ಆಯೋಗಕ್ಕೆ, ಆಮೇಲೆ ಕಮಿಷನರ್‌ಗಳ ಮಂಡಳಿಗೆ ಹೋಗುತ್ತವೆ. ಜನ ಹೋಗಿ ಮಾತಾಡಬಹುದು. ಗಂಡ ಹೋಗಿ ಮೈಕಿನ ಮುಂದೆ ನಿಂತು, "ಬಾಡಿಗೆಯವರು ಬಂದರೆ ನೆರೆಹೊರೆ ಕೆಡುತ್ತೆ, ನಮ್ಮ ಮನೆಗಳ ಬೆಲೆ ಬೀಳುತ್ತೆ" ಅಂದರು. ಹೆಂಡತಿಯ ಆಪ್ತ ಗೆಳತಿಯೊಬ್ಬರು ಅದರ ವಿಡಿಯೋ ನೋಡಿದರು. ಕನ್ನಡದವರೇ. ಗಂಡನಿಂದ ಬೇರೆಯಾಗಿ ಮಗನೊಂದಿಗೆ ಬಾಡಿಗೆ ಮನೆಯಲ್ಲಿದ್ದವರು. ಮಗನ ಶಾಲೆ ಬದಲಾಗಬಾರದು ಅಂತ ಅದೇ ಶಾಲೆಯ ವ್ಯಾಪ್ತಿಯಲ್ಲಿ ಅಪಾರ್ಟ್‌ಮೆಂಟ್ ಹುಡುಕುತ್ತಿದ್ದವರು. ಅಂದಿನಿಂದ ಅವರು ಮನೆಗೆ ಬರುವುದು ನಿಂತಿತು. ಮಕ್ಕಳ ವಿಷಯ ಬಿಟ್ಟರೆ ಗಂಡ ಹೆಂಡತಿ ಮಧ್ಯೆಯೂ ಮಾತಿಲ್ಲ.

ಸಲಹೆಗಾರರು ಯಾರ ಪರವೂ ವಹಿಸಬಾರದು, ಸರಿ. ಆದರೂ ಒಂದು ವಿಷಯವನ್ನು ಗಂಡನಿಗೆ ಹೇಳಲೇಬೇಕು ಅನ್ನಿಸಿತು, ಹೇಳಿದೆ. 1912ರಲ್ಲಿ ಇದೇ ಕೌಂಟಿಯಿಂದ ಸಾವಿರಕ್ಕೂ ಹೆಚ್ಚು ಕಪ್ಪು ಜನರನ್ನು ಹೆದರಿಸಿ, ಹೊಡೆದು ಓಡಿಸಿದರು. ಎಷ್ಟೋ ಜನ ಮನೆ, ಹೊಲ ಬಿಟ್ಟು ಹೋದರು. ಆಮೇಲೆ ಹಲವು ದಶಕ ಅಲ್ಲಿ ಕಪ್ಪು ಜನರು ನೆಲೆಸುವಂತಿರಲಿಲ್ಲ. 1987ರ ಜನವರಿಯಲ್ಲಿ ಸಾವಿರಾರು ಜನ ಅಲ್ಲಿಗೆ ಬಂದು ಅದನ್ನು ವಿರೋಧಿಸಿ ಮೆರವಣಿಗೆ ಮಾಡಿದರು. ಇವತ್ತು ನಮ್ಮಂಥವರು ಅಲ್ಲಿ ಮನೆ ಮಾಡಿ, ದೀಪಾವಳಿಗೆ ಬಾಗಿಲಲ್ಲಿ ರಂಗೋಲಿ ಹಾಕುವುದರ ಹಿಂದೆ ಆ ಹೋರಾಟ ಇದೆ. ಅಂಥ ಊರಲ್ಲಿ 'ಇಂಥವರು ಬಂದರೆ ನೆರೆಹೊರೆ ಕೆಡುತ್ತೆ' ಅನ್ನುವ ಮಾತು ನಮ್ಮ ಬಾಯಲ್ಲಿ ಬರಬಾರದು. ಅವರು ತುಂಬಾ ಹೊತ್ತು ಸುಮ್ಮನಿದ್ದರು.

ಮುಂದಿನ ಭೇಟಿಯಲ್ಲಿ ಕೇಳಿದೆ: "ಬೆಳಿಗ್ಗೆ ಬೆಲೆ ನೋಡಿದ ಮೇಲೆ ಮನಸ್ಸಲ್ಲಿ ಏನು ಲೆಕ್ಕ ಹಾಕ್ತೀರಿ?" ತಡೆದು ತಡೆದು ಹೇಳಿದರು. "ಇವತ್ತೇ ಕೆಲಸ ಹೋದ್ರೆ, ಮನೆ ಮಾರಿ ಸಾಲ ತೀರಿಸಿ, ಊರಿಗೆ ಎಷ್ಟು ತಗೊಂಡು ಹೋಗಬಹುದು ಅಂತ."

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಅವರು ಎಚ್-1ಬಿ ವೀಸಾದಲ್ಲಿ ಇದ್ದಾರೆ, ಅಂದರೆ ಕೆಲಸ ಕೊಟ್ಟ ಕಂಪನಿಯ ಮೇಲೆ ನಿಂತ ವೀಸಾ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಸಿಗಬೇಕು, ಅಥವಾ ವೀಸಾ ಬದಲಿಗೆ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು. ಅವರ ತಂಡದಿಂದ ಆಗಲೇ ಕೆಲವರನ್ನು ತೆಗೆದಿದ್ದರು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಹೆಂಡತಿ ಅವರ ಕಡೆ ತಿರುಗಿ, "ಇದನ್ನ ನನಗೆ ಯಾಕ್ರೀ ಹೇಳಲಿಲ್ಲ?" ಅಂದರು. ಎಷ್ಟೋ ವಾರದ ಮೇಲೆ ಗಂಡನ ಜೊತೆ ನೇರವಾಗಿ ಆಡಿದ ಮಾತು ಅದು.

ಜಗಳದ ಬೇರು ದುಡ್ಡಿನಲ್ಲಿದ್ದರೆ ಬರೀ ಸಮಾಧಾನದ ಮಾತಿಂದ ಏನೂ ಆಗಲ್ಲ. ಕಾಗದ ಪತ್ರ ತನ್ನಿ ಅಂದೆ. ಅವರು 2021ರಲ್ಲಿ ಸುಮಾರು 3% ಬಡ್ಡಿಗೆ, 30 ವರ್ಷಕ್ಕೆ ಸಾಲ ಮಾಡಿದ್ದರು. ಐದು ಲಕ್ಷ ಡಾಲರ್ ಸಾಲಕ್ಕೆ ಈ ದರದಲ್ಲಿ ತಿಂಗಳ ಕಂತು 2,108 ಡಾಲರ್. ಅದೇ 7% ಆಗಿದ್ದರೆ 3,327. ಅಂದರೆ ಅವರ ಕೈಯಲ್ಲಿರುವ ದೊಡ್ಡ ಬಲ ಆ ಅಗ್ಗದ ಸಾಲ. ಆಪ್ ತೋರಿಸುವ ಬೆಲೆ ಬರೀ ಅಂದಾಜು. ಕೆಲಸ ಹೋದರೂ ಅವಸರದಲ್ಲಿ ಮಾರಬೇಕಿಲ್ಲ, ಮನೆಯನ್ನು ಬಾಡಿಗೆಗೆ ಕೊಟ್ಟು ಹೋದರೆ ಕಂತಿನ ಬಹುಪಾಲು ಅದರಲ್ಲೇ ಬರಬಹುದು. ಆಗ ಹೆಂಡತಿ ಮೆಲ್ಲಗೆ ಕೇಳಿದರು: "ಹಾಗಾದ್ರೆ ನಮ್ಮನೆಗೂ ಬಾಡಿಗೆಯವರೇ ಬರಬೇಕು, ಅಲ್ವಾ?" ನಾನು ಹೇಳಿದ್ದಕ್ಕಿಂತ ಆ ಒಂದು ಪ್ರಶ್ನೆ ಅವರನ್ನು ಹೆಚ್ಚು ತಟ್ಟಿತು.

ಕೊಟ್ಟ ಸಲಹೆ ಹೀಗಿತ್ತು. ಆ ಆಪ್ ಮೊಬೈಲಿನಿಂದ ತೆಗೆಯಿರಿ. ಬೆಲೆಯ ಲೆಕ್ಕ ವರ್ಷಕ್ಕೆ ಒಂದು ಸಲ ಸಾಕು, ಕೌಂಟಿಯ ತೆರಿಗೆ ನೋಟಿಸ್ ಬಂದಾಗ. ಜಾರ್ಜಿಯಾದಲ್ಲಿ ಮಾರುಕಟ್ಟೆ ಬೆಲೆಯ 40% ಮೇಲೆ ತೆರಿಗೆ ಹಾಕುತ್ತಾರೆ. ಬೆಲೆ ಜಾಸ್ತಿ ಹಾಕಿದ್ದಾರೆ ಅನ್ನಿಸಿದರೆ ಮೇಲ್ಮನವಿಗೆ 45 ದಿನ ಇರುತ್ತದೆ. ಮಾರದೆ ಅಲ್ಲೇ ಬಾಳುವವರಿಗೆ ಬೆಲೆ ಏರಿದರೆ ಸಿಗುವುದು ಹೆಚ್ಚಿನ ತೆರಿಗೆಯೇ. ಎಷ್ಟೋ ವಿಷಯ ಯಾರ ಕೈಯಲ್ಲೂ ಇಲ್ಲ ಅನ್ನುವುದಕ್ಕೆ ಅವರ ಸರೋವರವನ್ನೇ ತೋರಿಸಿದೆ. 2007ರ ಬರದಲ್ಲಿ ಲೇನಿಯರ್ ನೀರು ತುಂಬಿದ ಮಟ್ಟಕ್ಕಿಂತ 20 ಅಡಿ ಕೆಳಗೆ ಇಳಿದು, ದಡದ ಮನೆಗಳ ದೋಣಿಕಟ್ಟೆಗಳು ಕೆಸರಲ್ಲಿ ಕೂತಿದ್ದವು.

ಆರು ತಿಂಗಳ ಖರ್ಚಿನಷ್ಟು ನಗದು ಬೇರೆ ಖಾತೆಯಲ್ಲಿ ಇಡಿ. 60 ದಿನದಲ್ಲಿ ಯಾವ ವಾರ ಏನು ಮಾಡಬೇಕು ಅಂತ ಇಬ್ಬರೂ ಕೂತು ಬರೆಯಿರಿ. ವೀಸಾ ವಿಷಯವನ್ನು ವಕೀಲರ ಹತ್ತಿರ ಈಗಲೇ ಕೇಳಿ. ಭಯವನ್ನು ಒಬ್ಬರೇ ಹೊರಬೇಡಿ.

ಅಮ್ಮನಿಗೆ ಫೋನ್ ಮಾಡಿ, ಸಂಡಿಗೆ ಹಾಳು ಮಾಡಿದ್ದು ತಪ್ಪಾಯ್ತು ಅಂತ ನೇರವಾಗಿ ಹೇಳಿ. ಗೆಳತಿಯ ಮನೆಗೆ ಇಬ್ಬರೂ ಹೋಗಿ, ಆದರೆ ಕ್ಷಮೆ ಕೇಳಬೇಕಾದವರು ನೀವು. ಮಾರುಕಟ್ಟೆ, ವೀಸಾ ಅಂತ ವಿವರಣೆ ಕೊಡಬೇಡಿ. ಅಪಾರ್ಟ್‌ಮೆಂಟಿಗೆ ವಿರೋಧ ಇದ್ದರೆ ಇರಲಿ. ರಸ್ತೆಯ ದಟ್ಟಣೆ, ಶಾಲೆಯಲ್ಲಿ ಜಾಗ ಇದೆಯಾ ಅಂತ ಕೇಳಿ. ಅಲ್ಲಿಗೆ ಬರುವ ಜನರನ್ನು ಅಳೆಯಬೇಡಿ.

ಅಮ್ಮನ ಜೊತೆ ಮಾತಾಯಿತು. "ಹೋಗ್ಲಿ ಬಿಡೋ" ಅಂದವರು, ಕೆಲಸದ ವಿಷಯ ಕೇಳಿ ಅರ್ಧ ಗಂಟೆ ಧೈರ್ಯ ಹೇಳಿದರಂತೆ. ಗೆಳತಿ ಒಳಗೆ ಕರೆದು ಕೂರಿಸಿದರು, ಎಲ್ಲ ಕೇಳಿಸಿಕೊಂಡರು, "ನನಗೆ ಸ್ವಲ್ಪ ಟೈಮ್ ಬೇಕು" ಅಂದರು. ಅದು ನ್ಯಾಯವಾದ ಮಾತು. ಅವರನ್ನು ಒತ್ತಾಯ ಮಾಡಬೇಡಿ ಅಂತ ಹೇಳಿದ್ದೇನೆ. ಆಪ್ ಹೋಗಿದೆ, ಆದರೆ ಭಾನುವಾರ ಲ್ಯಾಪ್‌ಟಾಪಿನಲ್ಲಿ ಬೆಲೆ ನೋಡುವುದು ಇನ್ನೂ ನಿಂತಿಲ್ಲ. ಮುಂದಿನ ಭೇಟಿಗೆ ಎಚ್‌ಒಎ ನಿಯಮಗಳ ಪ್ರತಿ ತರಲಿದ್ದಾರೆ. ಬಾಡಿಗೆಗೆ ಕೊಡಲು ಅದರಲ್ಲಿ ಏನಾದರೂ ತಡೆ ಇದೆಯಾ, ಹಿತ್ತಲಿನ ಡೆಕ್ ಮೇಲೆ ಸಂಡಿಗೆ ಒಣಗಿಸಬಹುದಾ, ಎರಡನ್ನೂ ಒಟ್ಟಿಗೆ ಓದಿ ನೋಡಬೇಕು.