ಸವೆದ ಜಾಕೆಟ್ಟಿನ ಹಿಂದಿನ ಕೆಲಸ

ಪ್ರಶ್ನೆ: ಹಾಲಿವುಡ್ ಸಾಹಸ ಚಿತ್ರಗಳ ನಾಯಕ ಇಂಡಿಯಾನಾ ಜೋನ್ಸ್ ಧರಿಸುವ ಟೋಪಿ ಮತ್ತು ಚರ್ಮದ ಜಾಕೆಟ್ ನಿಜಕ್ಕೂ ಹಳೆಯವೇ? ಹೊಸದಾಗಿ ಮಾಡಿಸಿದ್ದಾದರೆ ಅಷ್ಟು ಸವೆದಂತೆ ಕಾಣುವುದು ಹೇಗೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಎರಡೂ ಹೊಸವೇ. 1981ರಲ್ಲಿ ತೆರೆಕಂಡ ಮೊದಲ ಚಿತ್ರದ ವಸ್ತ್ರವಿನ್ಯಾಸಕಿ ಡೆಬೊರಾ ನಡೂಲ್‌ಮನ್, ಲಂಡನ್ನಿನ ಹರ್ಬರ್ಟ್ ಜಾನ್ಸನ್ ಅಂಗಡಿಯ ಟೋಪಿಯನ್ನು ಆರಿಸಿ, ಆ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಅವರ ಮುಖಕ್ಕೆ ಒಪ್ಪುವಂತೆ ಅದರ ಅಂಚನ್ನು ತಿದ್ದಿಸಿದರು. ಅಂಚು ತೀರಾ ಅಗಲವಾದರೆ ನಟನ ಕಣ್ಣುಗಳು ನೆರಳಿನಲ್ಲಿ ಮುಳುಗಿ, ಮುಖಭಾವ ಕ್ಯಾಮೆರಾಕ್ಕೆ ದಕ್ಕುವುದೇ ಇಲ್ಲ.

ಜಾಕೆಟ್ಟಿನ ಕೆಲಸ ಇನ್ನೂ ಕಷ್ಟದ್ದು. ನಾಯಕನಿಗೂ ಸಾಹಸ ದೃಶ್ಯಗಳಲ್ಲಿ ಅವನ ಬದಲು ನಟಿಸುವವರಿಗೂ ಒಂದೇ ಬಗೆಯ ಹಲವು ಜಾಕೆಟ್‌ಗಳು ಬೇಕಾಗುವುದರಿಂದ, ಹಳೆಯದೊಂದನ್ನು ಕೊಂಡು ತಂದರೆ ಸಾಲದು. ಹೀಗಾಗಿ ಹೊಸ ಚರ್ಮವನ್ನೇ ಫೋರ್ಡ್ ಅವರ ಚಾಕುವಿನಿಂದ ಕೆರೆದು, ತಂತಿಯ ಬ್ರಷ್ಷಿನಿಂದ ಉಜ್ಜಿ ಹಳತಾಗಿಸಿದರು. ಇಲ್ಲಿ ಬೇಕಾಬಿಟ್ಟಿಯಾಗಿ ಗೀರಿದರೆ ನಡೆಯದು. ಮೊಣಕೈ, ಕಾಲರ್, ಜೇಬಿನ ಅಂಚು ಮುಂತಾಗಿ ದಿನಬಳಕೆಯಲ್ಲಿ ಉಜ್ಜಿಹೋಗುವ ಕಡೆಗಳಲ್ಲೇ ಬಣ್ಣ ಮಾಸಬೇಕು, ಮತ್ತು ಎಲ್ಲ ಪ್ರತಿಗಳಲ್ಲೂ ಒಂದೇ ರೀತಿ ಮಾಸಬೇಕು. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಬೆನ್ನಿನ ಇಕ್ಕೆಲದ ಮಡಿಕೆಗಳು: ನಾಯಕ ಚಾವಟಿ ಬೀಸಲು ತೋಳೆತ್ತಿದಾಗ ಅವು ಬಿಚ್ಚಿಕೊಂಡು, ಬಿಗಿಯಾದ ಚರ್ಮ ಭುಜವನ್ನು ಹಿಡಿದೆಳೆಯದಂತೆ ನೋಡಿಕೊಳ್ಳುತ್ತವೆ.