ಗರ್ಭಿಣಿಯಾಗುವ ಮೊದಲು ತೂಕ ಇಳಿಸಬೇಕಾ?

ನಿಮ್ಮ ತಂಗಿ 155 ಸೆಂ.ಮೀ. ಎತ್ತರ, 65 ಕೆ.ಜಿ. ತೂಕ, ಗರ್ಭಿಣಿಯಾಗುವ ಮೊದಲು ಇಳಿಸಬೇಕಾ ಎಂದು ಕೇಳಿದ್ದೀರಿ. ಅಂದರೆ ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕ ಅಳೆಯುವ ಲೆಕ್ಕ) 27. ಭಾರತೀಯರಿಗೆ 23 ದಾಟಿದರೇ ಜಾಸ್ತಿ ಎಂದು ಲೆಕ್ಕ. ಹಾಗಾಗಿ ಹೌದು, ಮಗುವಿನ ಯೋಚನೆಗೆ ಮುಂಚೆ ನಾಲ್ಕೈದು ಕೆ.ಜಿ. ಇಳಿಸಿಕೊಂಡರೂ ಲಾಭವೇ.

ಕಾರಣ ಇಷ್ಟು: ತೂಕ ಹೆಚ್ಚಿದ್ದವರಲ್ಲಿ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ನ ಕೆಲಸ ಮೊದಲೇ ಮಂದ. ಬಸುರಿಯಾದ ಮೇಲೆ ಮಾಸಿನಿಂದ ಬರುವ ಹಾರ್ಮೋನುಗಳು ಅದನ್ನು ಇನ್ನಷ್ಟು ತಡೆಯುತ್ತವೆ. ಏರಿದ ಸಕ್ಕರೆ ಮಗುವಿಗೂ ದಾಟುತ್ತದೆ. ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿಕೊಂಡು ದಪ್ಪಗಾಗುತ್ತದೆ. ಹೆರಿಗೆ ಕಷ್ಟ, ಸಿಸೇರಿಯನ್ ಸಾಧ್ಯತೆ ಹೆಚ್ಚು, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮಗುವಿನ ಸಕ್ಕರೆ ಕುಸಿಯಲೂಬಹುದು. ತಾಯಿಗೆ ಬಿಪಿ ಏರುವ ಭಯ ಬೇರೆ.

ತೀರಾ ಸಣಕಲಾಗಿದ್ದರೂ ಒಳ್ಳೆಯದಲ್ಲ. ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು ಎರಡೂ ಆಗಬಹುದು.

ಒಮ್ಮೆ ಬಸುರಿಯಾದ ಮೇಲೆ ಮಾತ್ರ ಡಯೆಟ್ ಬೇಡವೇ ಬೇಡ. ಅಮೆರಿಕದ 2009ರ ಮಾರ್ಗಸೂಚಿಯಂತೆ ಸಾಧಾರಣ ತೂಕದವರು ಒಟ್ಟು 11.5ರಿಂದ 16 ಕೆ.ಜಿ., ನಿಮ್ಮ ತಂಗಿಯಂಥವರು 7ರಿಂದ 11.5 ಕೆ.ಜಿ. ಏರಬಹುದು. ಮೊದಲ ಮೂರು ತಿಂಗಳಲ್ಲಿ ಏರುವುದು ಅತ್ಯಲ್ಪ. ವಾಂತಿಯಿಂದ ಸ್ವಲ್ಪ ಇಳಿದರೂ ಗಾಬರಿ ಬೇಡ. "ಇಬ್ಬರಿಗಾಗುವಷ್ಟು ತಿನ್ನು" ಎಂಬ ಹಿರಿಯರ ಉಪಚಾರಕ್ಕೆ ನಗುತ್ತಾ ತಲೆಯಾಡಿಸಿ ಸಾಕು. ನಾಲ್ಕನೇ ತಿಂಗಳ ನಂತರ ಬೇಕಾಗುವುದು ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚುವರಿ ಅಷ್ಟೇ.

ಪ್ರತಿ ತಪಾಸಣೆಯಲ್ಲೂ ತೂಕವನ್ನು ತಾಯಿ ಕಾರ್ಡ್‌ನಲ್ಲಿ ಬರೆಸಿ. ಐದನೇ ತಿಂಗಳ ನಂತರ ದಿಢೀರ್ ತೂಕ ಏರಿ, ಮುಖ ಊದಿ, ತಲೆನೋವು ಬಂದರೆ ಅದೇ ದಿನ ಬಿಪಿ ನೋಡಿಸಿ.